ಈ ದುಡ್ಡು ಎಲ್ಲಿಂದ ಬಂತು?

ಈ ಸಲವೂ ಅಮೆರಿಕದ ನಮ್ಮ ಕನ್ನಡ ಕೂಟದ ಸಂಕ್ರಾಂತಿ ಕಾರ್ಯಕ್ರಮ ಜನವರಿಯ ಮೂರನೇ ಸೋಮವಾರದ ಹಿಂದಿನ ವೀಕೆಂಡಿನಲ್ಲೇ ಬಂತು. ಕಾರಣ ಎಲ್ಲರಿಗೂ ಗೊತ್ತು. ಸೋಮವಾರ ರಜೆ. ಭಾನುವಾರ ರಾತ್ರಿ ಪಾತ್ರೆ ತೊಳೆದು, ಹಾಲ್ ಗುಡಿಸಿ, ಲೇಟಾಗಿ ಮನೆ ಸೇರಿದರೂ ಬೆಳಿಗ್ಗೆ ಏಳುವ ಗಡಿಬಿಡಿ ಇಲ್ಲ. ಕಮಿಟಿ ಮೀಟಿಂಗಿನ ವರದಿಯಲ್ಲಿ ಅದನ್ನು 'ಲಾಂಗ್ ವೀಕೆಂಡ್' ಅಂತ ಬರೆದವನು ನಾನೇ. ಅದು ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜೆ ಅನ್ನುವುದು ಆ ವರದಿಯಲ್ಲಿ ಎಲ್ಲೂ ಇಲ್ಲ.

ಶನಿವಾರ ಹಾಲಿನ ಅಡುಗೆಮನೆಯಲ್ಲಿ ಆರು ಜನ ಕೂತು ಎಳ್ಳು-ಬೆಲ್ಲದ ಪ್ಯಾಕೆಟ್ ಕಟ್ಟುತ್ತಿದ್ದರು. ಕೊಬ್ಬರಿ ಹೆಚ್ಚುತ್ತಿದ್ದವರೊಬ್ಬರು ಕೇಳಿದರು: "ಏನ್ರೀ ಎಡಿಟರೇ, ವಂದನಾರ್ಪಣೆಯಲ್ಲಿ ಎಲ್ಲರ ಹೆಸರೂ ಬರುತ್ತೆ. ಅಡುಗೆಮನೆಯವರು ಮಾತ್ರ ಯಾವಾಗಲೂ 'ಮತ್ತಿತರರು'. ಯಾಕೆ ಅಂತೀನಿ?" ನಾನು ನಕ್ಕು ಜಾರಿಕೊಂಡೆ. ಮನೆಗೆ ಬಂದ ಮೇಲೆ ಜಾರ್ಜಿಯಾ ಗಿಲ್ಮೋರ್ ನೆನಪಾದರು.

ಅಲಬಾಮಾದ ಮಾಂಟ್‌ಗೊಮೆರಿ ಊರು. 1955ರ ಅಕ್ಟೋಬರ್. ಗಿಲ್ಮೋರ್ ಒಂದು ಊಟದ ಕಂಪನಿಯಲ್ಲಿ ಅಡುಗೆಯವರು, ಆರು ಮಕ್ಕಳ ತಾಯಿ. ಒಂದು ದಿನ ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಹಾಕಿದರು. ಇಳಿದು ಹಿಂದಿನ ಬಾಗಿಲಿಂದ ಹತ್ತು ಅಂದ ಡ್ರೈವರ್. ಇಳಿದರು. ಹಿಂದಿನ ಬಾಗಿಲು ಮುಟ್ಟುವಷ್ಟರಲ್ಲಿ ಬಸ್ಸು ಹೊರಟೇಹೋಯಿತು. ದುಡ್ಡು ಒಳಗೆ, ಅವರು ರಸ್ತೆಯಲ್ಲಿ. ಅವತ್ತೇ ಇನ್ನು ಈ ಬಸ್ಸು ಹತ್ತಲ್ಲ ಅಂತ ಅವರು ತೀರ್ಮಾನಿಸಿಬಿಟ್ಟರು. ಊರಿನ ಕಪ್ಪು ಜನರೆಲ್ಲ ಸೇರಿ ಬಸ್ಸುಗಳನ್ನು ಬಹಿಷ್ಕರಿಸಲು ಇನ್ನೂ ಸುಮಾರು ಎರಡು ತಿಂಗಳಿತ್ತು.

ಆ ಬಸ್ಸುಗಳಲ್ಲಿ 36 ಸೀಟು. ಮುಂದಿನ ಹತ್ತು ಬಿಳಿಯರಿಗೆ ಮೀಸಲು. ಖಾಲಿ ಇದ್ದರೂ ಕಪ್ಪು ಜನ ಅಲ್ಲಿ ಕೂರುವಂತಿಲ್ಲ. ಹಿಂದಿನ ಹತ್ತು ಕಪ್ಪು ಜನರಿಗೆ. ನಡುವಿನವು ಡ್ರೈವರ್ ಹೇಳಿದಂತೆ. ಬಿಳಿಯರೊಬ್ಬರು ನಿಂತಿದ್ದರೆ ಅಲ್ಲಿ ಕೂತ ಕಪ್ಪು ಜನರ ಇಡೀ ಸಾಲೇ ಎದ್ದು ಹೋಗಬೇಕು. ಮಜಾ ಏನು ಗೊತ್ತಾ, ಆ ಬಸ್ಸುಗಳಿಗೆ ದುಡ್ಡು ಕೊಡುತ್ತಿದ್ದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕಪ್ಪು ಜನರೇ. ನಮ್ಮೂರ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದನ್ನು ನೋಡಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಡಿಸೆಂಬರ್ 1ರ ಸಂಜೆ ರೋಸಾ ಪಾರ್ಕ್ಸ್ ಏಳಲಿಲ್ಲ, ಪೊಲೀಸರು ಹಿಡಿದುಕೊಂಡು ಹೋದರು. ಈ ಕಥೆ ನಮ್ಮ ಮಕ್ಕಳಿಗೆ ಸ್ಕೂಲಿನಲ್ಲೇ ಬಾಯಿಪಾಠವಾಗಿದೆ. 'ದಣಿದಿದ್ದ ಬಡ ದರ್ಜಿ' ಅಂತ ಅವರನ್ನು ತೋರಿಸುವುದು ಮಾತ್ರ ನನಗೆ ಸರಿ ಬರುವುದಿಲ್ಲ. ಅವರು ವರ್ಷಗಟ್ಟಲೆ ಊರಿನ ಹೋರಾಟದ ಸಂಘಟನೆಯ ಕಾರ್ಯದರ್ಶಿಯಾಗಿದ್ದವರು. ಆ ಸಂಜೆಯ ಡ್ರೈವರೇ 1943ರಲ್ಲೂ ಅವರನ್ನು ಬಸ್ಸಿನಿಂದ ಇಳಿಸಿದ್ದ. 1955ರ ಮಾರ್ಚಿನಲ್ಲಿ ಕ್ಲಾಡೆಟ್ ಕಾಲ್ವಿನ್ ಅನ್ನುವ 15 ವರ್ಷದ ಹುಡುಗಿಯೂ ಹೀಗೇ ಕೂತಲ್ಲಿಂದ ಏಳದೆ ಜೈಲು ಕಂಡಿದ್ದಳು.

ಸುದ್ದಿಪತ್ರ ತರುವವನಾಗಿ ನನಗೆ ತುಂಬಾ ಇಷ್ಟವಾಗುವುದು ಆಮೇಲಿನ ರಾತ್ರಿ. ಜೋ ಆನ್ ರಾಬಿನ್ಸನ್ ಅಲ್ಲಿನ ಕಾಲೇಜಿನ ಇಂಗ್ಲಿಷ್ ಮೇಡಂ. ಕಾಲೇಜಿನ ಸೈಕ್ಲೋಸ್ಟೈಲ್ ಮೆಷಿನ್ ಮುಂದೆ ನಡುರಾತ್ರಿ ನಿಂತರು. ಜೊತೆಗೆ ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು. ಕಾಗದ ಉಳಿಯಲಿ ಅಂತ ಒಂದು ಹಾಳೆಗೆ ಮೂರು ಕರಪತ್ರ, ಆಮೇಲೆ ಕತ್ತರಿಸುವುದು. ಬೆಳಕು ಹರಿಯುವಷ್ಟರಲ್ಲಿ ಸಾವಿರಗಟ್ಟಲೆ ಸಿದ್ಧ. 'ಇನ್ನೊಬ್ಬ ಹೆಂಗಸನ್ನು ಹಿಡಿದಿದ್ದಾರೆ, ಸೋಮವಾರ ಬಸ್ಸು ಹತ್ತಬೇಡಿ' ಅನ್ನುವುದು ಅದರ ಸಾರಾಂಶ. ಪಾರ್ಕ್ಸ್ ಹೆಸರೂ ಅದರಲ್ಲಿ ಇರಲಿಲ್ಲ. ನಾವಾಗಿದ್ದರೆ ಫಾಂಟ್ ಯಾವುದು ಅಂತ ತೀರ್ಮಾನಿಸಲು ಎರಡು ಮೀಟಿಂಗ್ ಬೇಕಾಗುತ್ತಿತ್ತು.

ಸೋಮವಾರ ಬಸ್ಸುಗಳು ಖಾಲಿ ಓಡಿದವು. ಅವತ್ತು ಸಂಜೆಗೆ ಒಂದು ಹೊಸ ಸಂಘ ಹುಟ್ಟಿತು. ಅಧ್ಯಕ್ಷರಾಗಿ ಸಿಕ್ಕಿದ್ದು ಊರಿಗೆ ಹೊಸಬರಾದ, 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್. ಒಂದೇ ದಿನಕ್ಕೆಂದು ಕರೆದ ಬಹಿಷ್ಕಾರ 381 ದಿನ ನಡೆಯಿತು.

ಇಷ್ಟು ದಿನ ಸುಮಾರು 40,000 ಜನ ಕೆಲಸಕ್ಕೆ ಹೋಗಿದ್ದು ಹೇಗೆ? ತುಂಬಾ ಜನ ನಡೆದರು. ಮೊದಲು ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ರೇಟಿಗೇ, ಹತ್ತು ಸೆಂಟಿಗೆ ಕರೆದುಕೊಂಡು ಹೋದವು. ಕನಿಷ್ಠ ಬಾಡಿಗೆ 45 ಸೆಂಟು ವಸೂಲಿ ಮಾಡಲೇಬೇಕು ಅಂತ ನಗರಾಡಳಿತ ಕಾನೂನು ತೋರಿಸಿತು. ಆಗ ಕಾರ್‌ಪೂಲ್ ಶುರುವಾಯಿತು. ಸುಮಾರು 300 ಕಾರು, ಹತ್ತುವ ಜಾಗ, ಇಳಿಯುವ ಜಾಗ, ವೇಳಾಪಟ್ಟಿ. ಚರ್ಚುಗಳು ಸ್ಟೇಷನ್ ವ್ಯಾಗನ್ ಕೊಂಡವು. ಇನ್ಶೂರೆನ್ಸ್ ರದ್ದಾದಾಗ ಲಂಡನ್ನಿನ ಲಾಯ್ಡ್ಸ್‌ವರೆಗೂ ಹೋಗಿ ಮಾಡಿಸಿಕೊಂಡು ಬಂದರು. ಸಂಘ ನಡೆಸಿದವರಿಗೆ ಗೊತ್ತಿರುತ್ತದೆ, ಭಾಷಣ ಸುಲಭ. ಪೆಟ್ರೋಲ್ ದುಡ್ಡೇ ಕಷ್ಟ.

ಅಲ್ಲಿಗೆ ಗಿಲ್ಮೋರ್ ಕೈ ಹಾಕಿದರು. ಸಭೆಗೆ ಬಂದವರಿಗೆ ಚಿಕನ್ ಸ್ಯಾಂಡ್‌ವಿಚ್ ಮಾರುವುದರಿಂದ ಶುರು. ಆಮೇಲೆ ನಾಲ್ಕಾರು ಹೆಂಗಸರನ್ನು ಸೇರಿಸಿಕೊಂಡು ಕೇಕು, ಸಿಹಿಗೆಣಸಿನ ಪೈ, ಊಟದ ತಟ್ಟೆ. ಇವರಲ್ಲಿ ಹೆಚ್ಚಿನವರು ಬಿಳಿಯರ ಮನೆಯಲ್ಲಿ ಅಡುಗೆಗೆ, ಪಾತ್ರೆಗೆ ಹೋಗುವವರು. ಹೆಸರು ಹೊರಬಿದ್ದರೆ ಕೆಲಸ ಹೋಯಿತು. ಅದಕ್ಕೆ ಗುಂಪಿಗೆ ಇಟ್ಟ ಹೆಸರು 'ಕ್ಲಬ್ ಫ್ರಮ್ ನೋವೇರ್'. ಎಲ್ಲಿಯದೂ ಅಲ್ಲದ ಕ್ಲಬ್ಬು. ಈ ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ, ಎಲ್ಲಿಂದಲೂ ಅಲ್ಲ ಅನ್ನಬಹುದು. ಸುಳ್ಳಲ್ಲ ಅಲ್ವಾ! ಯಾರು ಮಾಡಿದರು, ಯಾರು ಕೊಂಡರು ಅನ್ನುವುದು ಗಿಲ್ಮೋರ್ ಒಬ್ಬರಿಗೇ ಗೊತ್ತು. ಕೊಂಡವರಲ್ಲಿ ಬಿಳಿಯರೂ ಇದ್ದರು. ವಾರದ ಸಭೆಯಲ್ಲಿ ಅವರು ಎದ್ದು ಬಂದು ಮೊತ್ತ ಹೇಳಿದರೆ ಚರ್ಚಿಗೆ ಚರ್ಚೇ ಎದ್ದು ಚಪ್ಪಾಳೆ ಹೊಡೆಯುತ್ತಿತ್ತು. ಊರಿನ ಇನ್ನೊಂದು ಕಡೆಯ ಹೆಂಗಸರು ಪೈಪೋಟಿಗೆ ಬಿದ್ದು ತಮ್ಮದೇ ಕ್ಲಬ್ಬು ಕಟ್ಟಿದರು. ಎರಡು ಬಣ ಆಗುವುದರಿಂದ ಒಳ್ಳೆಯದೂ ಆಗಬಹುದು ಅಂತ ನನಗೆ ಗೊತ್ತಾಗಿದ್ದು ಇದನ್ನು ಓದಿದ ಮೇಲೆ.

1956ರ ಮಾರ್ಚಿನಲ್ಲಿ, ಬಹಿಷ್ಕಾರ ನಡೆಸಿದ್ದಕ್ಕೆ ಕಿಂಗ್ ಮೇಲೆ ಕೇಸು ನಡೆದಾಗ ಗಿಲ್ಮೋರ್ ಸಾಕ್ಷಿ ಹೇಳಿದರು. ಬಸ್ಸಿನವರು ದುಡ್ಡು ಎಣಿಸುವಾಗ ಕಪ್ಪು ಜನರದ್ದು ಯಾವುದು, ಬಿಳಿಯರದ್ದು ಯಾವುದು ಅಂತ ಅವರಿಗೆ ಗೊತ್ತಾಗುವುದಿಲ್ಲವಲ್ಲ ಅಂದರು. ಕೆಲಸ ಹೋಯಿತು. ನೀವೇ ಯಾಕೆ ಮನೆಯಲ್ಲಿ ಊಟ ಮಾಡಿ ಮಾರಬಾರದು ಅಂತ ಕಿಂಗ್ ಅವರೇ ಬೆನ್ನು ತಟ್ಟಿ, ದುಡ್ಡಿನ ಸಹಾಯವನ್ನೂ ಮಾಡಿದರು. ಆಮೇಲೆ ಹೋರಾಟದ ಎಷ್ಟೋ ಗುಟ್ಟಿನ ಮಾತುಕತೆ ನಡೆದಿದ್ದು ಗಿಲ್ಮೋರ್ ಊಟದ ಮೇಜಿನಲ್ಲೇ.

ಹೋರಾಟ ಗೆದ್ದಿದ್ದು ಬೇರೆ ದಾರಿಯಿಂದ. ಕಾಲ್ವಿನ್ ಸೇರಿ ನಾಲ್ವರು ಹೆಂಗಸರ ಮೊಕದ್ದಮೆಯಲ್ಲಿ ಬಸ್ಸಿನ ವರ್ಣಭೇದ ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟು ಹೇಳಿತ್ತು. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಡಿಸೆಂಬರ್ 21ಕ್ಕೆ ಜನ ಮತ್ತೆ ಬಸ್ಸು ಹತ್ತಿದರು.

ನಮಗೂ ಇದಕ್ಕೂ ಏನು ಸಂಬಂಧ ಅನ್ನುವವರು ನಮ್ಮ ಕೂಟದಲ್ಲೇ ಇದ್ದಾರೆ. ಅವರಿಗೆ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ವಿಷಯ ಹೇಳಬೇಕು. ಪಾರ್ಕ್ಸ್‌ಗಿಂತ 14 ವರ್ಷ ಮೊದಲು, 1941ರಲ್ಲಿ, ಅಮೆರಿಕದ ದಕ್ಷಿಣದಲ್ಲಿ ಅವರು ರೈಲಿನಲ್ಲಿ ಬಿಳಿಯರ ಜಾಗದಲ್ಲಿ ಕೂತಿದ್ದರು. ಟಿಕೆಟ್ ನೋಡುವವನು ಏಳಿ ಅಂದ. ಏಳಲಿಲ್ಲ. ಇವರು ಇಲ್ಲಿಯವರಲ್ಲ ಅಂತ ಅವನಿಗೆ ಅನುಮಾನ ಬಂದು, ಯಾವ ದೇಶ ಅಂತ ಕೇಳಿದ. ಭಾರತ ಅಂದಿದ್ದರೆ ಮುಗಿದಿತ್ತು, ಅವನಿಗೂ ಅದೇ ಬೇಕಿತ್ತು. ಅವರು ಆ ರಿಯಾಯಿತಿ ತೆಗೆದುಕೊಳ್ಳಲಿಲ್ಲ. ನಾನೂ ಬಣ್ಣದವಳೇ, ಇಲ್ಲಿಂದ ಏಳುವುದಿಲ್ಲ ಅಂದರು.

ಇನ್ನು ನಮ್ಮ ವೀಸಾ. 1946ರಿಂದ ಭಾರತಕ್ಕಿದ್ದ ಕೋಟಾ ವರ್ಷಕ್ಕೆ 100 ಜನ. ದೇಶ ನೋಡಿ ಅಳೆಯುವ ಆ ಕೋಟಾ ಪದ್ಧತಿಯನ್ನು ತೆಗೆದಿದ್ದು 1965ರ ಅಕ್ಟೋಬರಿನ ವಲಸೆ ಕಾನೂನು. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾನೂನು, 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು. ಮನುಷ್ಯರನ್ನು ಹುಟ್ಟು ನೋಡಿ ಅಳೆಯುವುದು ಒಳಗೆ ತಪ್ಪಾದ ಮೇಲೆ ಬಾಗಿಲಲ್ಲಿ ಹೇಗೆ ಸರಿಯಾಗುತ್ತೆ? ನಮ್ಮಲ್ಲಿ ಮೊದಮೊದಲು ಬಂದ ಡಾಕ್ಟರು, ಇಂಜಿನಿಯರುಗಳೆಲ್ಲ ಆ ಬಾಗಿಲಿಂದಲೇ ಬಂದವರು. ಆ ಎಳ್ಳು-ಬೆಲ್ಲದ ಪ್ಯಾಕೆಟ್ಟೂ.

ಈ ಸಂಚಿಕೆಯ ಮೂರನೇ ಪುಟದಲ್ಲಿ ಅಡುಗೆಮನೆಯ ಆರೂ ಜನರ ಹೆಸರಿದೆ, ಅವರನ್ನು ಕೇಳಿಯೇ ಹಾಕಿದ್ದು. ಗಿಲ್ಮೋರ್ ಕ್ಲಬ್ಬಿನ ಬಹಳಷ್ಟು ಹೆಂಗಸರ ಹೆಸರು ಮಾತ್ರ ಇವತ್ತಿಗೂ ಸಿಗುವುದಿಲ್ಲ. ಅವರು ಗುಟ್ಟು ಅಷ್ಟು ಚೆನ್ನಾಗಿ ಕಾಪಾಡಿದರು.

1990ರ ಮಾರ್ಚಿನಲ್ಲಿ, ಮತದಾನದ ಹಕ್ಕಿಗಾಗಿ ಸೆಲ್ಮಾ ಊರಿಂದ ಮಾಂಟ್‌ಗೊಮೆರಿಗೆ ನಡೆದ ನಡಿಗೆಯ 25ನೇ ವರ್ಷಕ್ಕೆ ಜನ ಮತ್ತೆ ನಡೆದು ಬರುತ್ತಿದ್ದರು. ಬರುವವರಿಗೆ ಅಂತ ಗಿಲ್ಮೋರ್ ಬೆಳಿಗ್ಗೆಯೇ ಎದ್ದು ಚಿಕನ್ ಕರಿದು, ಮ್ಯಾಕರೋನಿ ಮಾಡಿಟ್ಟಿದ್ದರು. ಅವತ್ತೇ ತೀರಿಕೊಂಡರು. ಸಾವಿನ ಮನೆಗೆ ಬಂದವರಿಗೆ ಮನೆಯವರು ಅದನ್ನೇ ಬಡಿಸಿದರು.