ಪವಾಡದ ಲೆಕ್ಕದಲ್ಲಿ ನರ್ಸ್‌ಗಳೂ ಸೇರಲಿ

ಮಾನ್ಯರೇ,

ಯಹೂದಿಗಳು ಇಂದಿಗೂ ಉಳಿದಿರುವುದೇ ದೇವರ ಪವಾಡ ಎಂಬ ಮಾತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿತ್ತು. ನಾನೂ ದೇವರನ್ನು ನಂಬುವವಳೇ. ಆದರೆ ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕಿನ ಯಹೂದಿಗಳು ಪಾರಾದದ್ದನ್ನೂ ಅಷ್ಟು ಸಲೀಸಾಗಿ ದೇವರ ಖಾತೆಗೆ ಹಾಕಿಬಿಟ್ಟರೆ ಹೇಗೆ?

ಆಗ ಡೆನ್ಮಾರ್ಕ್ ಜರ್ಮನಿಯ ಹಿಡಿತದಲ್ಲಿತ್ತು. 1943ರ ಸೆಪ್ಟೆಂಬರ್ ಕೊನೆಯಲ್ಲಿ, ಯಹೂದಿಗಳನ್ನು ಹಿಡಿದೊಯ್ಯಲು ನಾಜಿಗಳು ಮಾಡಲಿದ್ದ ದಾಳಿಯ ಸುಳಿವು ಬಿಟ್ಟುಕೊಟ್ಟವನು ಒಬ್ಬ ಜರ್ಮನ್ ಅಧಿಕಾರಿ, ಗೆಯೋರ್ಗ್ ಡುಕ್‌ವಿಟ್ಸ್. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಕೋಪನ್‌ಹೇಗನ್ನಿನ ಬಿಸ್ಪೆಬ್ಯೆರ್ ಆಸ್ಪತ್ರೆಯಲ್ಲಿ ಡಾಕ್ಟರುಗಳು, ನರ್ಸ್‌ಗಳು ಸೇರಿ ಯಹೂದಿಗಳನ್ನು ಬಚ್ಚಿಟ್ಟರು. ನರ್ಸ್‌ಗಳ ಕ್ವಾರ್ಟರ್ಸ್‌ನಲ್ಲೂ ಜಾಗ ಮಾಡಿಕೊಟ್ಟರು. ದೋಣಿಯಲ್ಲಿ ಮಗು ಅತ್ತರೆ ಎಲ್ಲರೂ ಸಿಕ್ಕಿಬೀಳುತ್ತಾರೆ ಅಂತ ಪುಟ್ಟ ಮಕ್ಕಳಿಗೆ ನಿದ್ದೆ ಔಷಧಿ ಕೊಟ್ಟು ಕಳಿಸಿದರು. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಅಂಥ ಔಷಧಿ ಕೂಸಿಗೆ ಸ್ವಲ್ಪ ಜಾಸ್ತಿಯಾದರೆ ಉಸಿರೇ ನಿಲ್ಲಬಹುದು. ಕಡಿಮೆಯಾದರೆ ನಡುದಾರಿಯಲ್ಲಿ ಎಚ್ಚರ. ಕೊಟ್ಟವರ ಕೈ ಎಷ್ಟು ನಡುಗಿರಬೇಕು!

ಸುಮಾರು 7,200 ಯಹೂದಿಗಳು ಸಮುದ್ರ ದಾಟಿ ಸ್ವೀಡನ್ ಸೇರಿದರು. ಮೀನುಗಾರರೇನೂ ಸುಮ್ನೆ ದಾಟಿಸಲಿಲ್ಲ. ಹಲವರು ದುಡ್ಡು ತೆಗೆದುಕೊಂಡರು, ಕೆಲವರು ಜಾಸ್ತಿಯೇ. ಇರಲಿ ಬಿಡಿ, ದೋಣಿ ಹೋದರೆ ಅವರ ಹೊಟ್ಟೆಪಾಡೂ ಹೋಗುತ್ತಿತ್ತು.

ಗಿಲೆಲೈಯ ಎಂಬ ಊರಿನ ಚರ್ಚಿನ ಅಟ್ಟದಲ್ಲಿ ಅಡಗಿದ್ದ ಸುಮಾರು 80 ಜನ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ ಕೈಗೆ ಸಿಕ್ಕಿಬಿದ್ದರು. ಅವರೂ ದೇವರನ್ನು ಕರೆದಿರುತ್ತಾರೆ, ಅಲ್ವಾ? ಪವಾಡ ಅನ್ನುವವರು ಆ ಅಟ್ಟದ ಬಗ್ಗೆಯೂ ಒಂದು ಮಾತು ಬರೆಯಲಿ.

– ನಿವೃತ್ತ ನರ್ಸ್, ಶಿವಮೊಗ್ಗ