ಸೊಸೈಟಿ ಇಂಟರ್ವ್ಯೂಗೆ ಹೊರಟ ಗೆಳೆಯನಿಗೆ

ಕೋಡಿಬಾಗ, ಕಾರವಾರ

ಪ್ರೀತಿಯ ಗಣಪತಿ,

ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸೊಸೈಟಿಯಿಂದ ಅಕೌಂಟ್ಸ್ ಕೆಲಸಕ್ಕೆ ಕರೆ ಬಂದಿದೆ ಅಂತ ಓದಿ ತುಂಬಾ ಖುಷಿಯಾಯಿತು. ನೀನು ಕಳಿಸಿದ ಬಯೋಡೇಟಾನೂ ನೋಡಿದೆ. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡ. ಅದರಲ್ಲಿ ನೀನೇ ಕಾಣುವುದಿಲ್ಲ. 'ಕಷ್ಟಪಟ್ಟು ದುಡಿಯುವವನು, ಎಲ್ಲರೊಂದಿಗೆ ಹೊಂದಿಕೊಳ್ಳುವವನು' ಅಂತ ಯಾರು ಬೇಕಾದರೂ ಬರೆಯುತ್ತಾರೆ. ಬಿ.ಕಾಂ. ಓದುವಾಗಿನಿಂದ ಅಪ್ಪನ ಬದಲು ನೀನೇ ಅಡಿಕೆ ಚೀಲ ಹೇರಿಕೊಂಡು ಮಾರುಕಟ್ಟೆ ಯಾರ್ಡಿಗೆ ಹೋಗಿದ್ದೀಯ. ಟೆಂಡರ್ ಆಗಿ ದರ ಗೊತ್ತಾಗುವ ತನಕ ಕಾದಿದ್ದೀಯ. ಮಾರಾಟದ ಪಟ್ಟಿಯಲ್ಲಿ ಏನೇನು ಕಳೆದಿದ್ದಾರೆ ಅಂತ ತೂಕದ ಚೀಟಿ ಹಿಡಿದು ತಾಳೆ ನೋಡಿದ್ದೀಯ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಅಡಿಕೆಯ ಬಗೆ ಎಲ್ಲ ಕಣ್ಣಳತೆಯಲ್ಲೇ ಗೊತ್ತು ನಿನಗೆ. ಅದೊಂದನ್ನೂ ಬರೆದಿಲ್ಲ! ಮನೆ ಕೆಲಸ ಅನುಭವ ಅಲ್ಲ ಅಂದುಕೊಂಡಿದ್ದೀಯ, ಅಲ್ವಾ? ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಅನುಭವ ಇಲ್ಲ. ಮೊದಲು ಅದನ್ನು ಬರೆ.

ಇನ್ನು ತಯಾರಿ. ಅಪ್ಪ ಅಲ್ಲಿಯ ಸದಸ್ಯರು. ವಾರ್ಷಿಕ ಸಭೆಗೆ ಮುಂಚೆ ಬಂದ ವರದಿ ಪುಸ್ತಕ ಮನೆಯಲ್ಲೇ ಎಲ್ಲೋ ಇರುತ್ತದೆ. ಹುಡುಕಿ ತೆಗೆದು ಕೂತು ಓದು. ಶೇರು ಬಂಡವಾಳ ಎಷ್ಟು, ಠೇವಣಿ ಎಷ್ಟು, ಸಾಲ ಎಷ್ಟು, ಅದರಲ್ಲಿ ಗಡುವು ದಾಟಿಯೂ ಕಟ್ಟದ ಸುಸ್ತಿ ಎಷ್ಟು, ಆಡಿಟ್‌ನಲ್ಲಿ ಯಾವ ವರ್ಗ ಬಂದಿದೆ, ಹಿಂದಿನ ವರ್ಷಕ್ಕಿಂತ ಏನು ಹೆಚ್ಚಿದೆ, ಏನು ಇಳಿದಿದೆ. ಇಷ್ಟು ತಿಳಿದುಕೊಂಡು ಬರುವವರು ಕಡಿಮೆ. ಸೊಸೈಟಿಗೂ ಕಂಪನಿಗೂ ಏನು ವ್ಯತ್ಯಾಸ ಅಂತ ಕೇಳಬಹುದು. ಶೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಅಲ್ಲಿಂದ ಶುರು ಮಾಡು. ಶಿರಸಿಯಲ್ಲಿ 1923ರಲ್ಲೇ ತೋಟಗಾರರು ಸೇರಿ ಮಾರಾಟ ಸಂಘ ಕಟ್ಟಿಕೊಂಡ ಕಥೆಯೂ ತಿಳಿದಿರಲಿ. ಒಣ ಅಡಿಕೆಗೆ ಶೇ 5 ಜಿಎಸ್‌ಟಿ, 5 ಲಕ್ಷದವರೆಗಿನ ಶೂನ್ಯ ಬಡ್ಡಿಯ ಬೆಳೆ ಸಾಲ, ಇವನ್ನೆಲ್ಲ ಒಮ್ಮೆ ಕಣ್ಣಾಡಿಸಿಕೊ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಕೈ ಓಡದಿದ್ದರೆ ಈ ವಾರವೇ ಯಾರದಾದರೂ ಕಂಪ್ಯೂಟರ್ ಮುಂದೆ ಕೂರು.

ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಕ್ಲರ್ಕ್ ಇಂಟರ್ವ್ಯೂ ನಡೆದಾಗ ಕೇಳುವವರ ಸಾಲಿನಲ್ಲಿ ನಾನೂ ಇದ್ದೆ. ಅಂಕೋಲಾ ಕಡೆಯ ಒಬ್ಬ ಹುಡುಗಿಗೆ ತಾಳೆಯಾಗದ ಲೆಡ್ಜರ್ ಹಾಳೆ ಕೊಟ್ಟೆವು. 90 ರೂಪಾಯಿ ವ್ಯತ್ಯಾಸ. ಉಳಿದವರೆಲ್ಲ ಗಡಿಬಿಡಿಯಲ್ಲಿ ಮೊದಲಿನಿಂದ ಕೂಡಿಸಲು ಹೊರಟಿದ್ದರು. ಅವಳು ಸುಮ್ನೆ ಒಂದು ಕ್ಷಣ ನೋಡಿ, "90ನ್ನು 9ರಿಂದ ಭಾಗಿಸಬಹುದು ಸರ್, ಅಂಕಿ ಹಿಂದೆಮುಂದೆ ಆದರೆ ವ್ಯತ್ಯಾಸ ಹಾಗೇ ಬರುತ್ತದೆ, ಎಲ್ಲೋ ಅದೇ ಆಗಿರಬೇಕು" ಅಂದಳು. ಪೆನ್ಸಿಲ್ ತುದಿಯನ್ನು ಒಂದೊಂದೇ ಸಾಲಿಗೆ ಇಳಿಸುತ್ತಾ ಹೋಗಿ, 1,540 ಇರಬೇಕಾದಲ್ಲಿ 1,450 ಬರೆದಿದ್ದರ ಕೆಳಗೆ ಗೆರೆ ಎಳೆದಳು. ಮುಂದಿನ ಪ್ರಶ್ನೆಗೆ "ಅದು ನನಗೆ ಗೊತ್ತಿಲ್ಲ ಸರ್" ಅಂದಳು, ಅಷ್ಟೇ ಸಮಾಧಾನದಿಂದ. ನಮ್ಮಲ್ಲಿ ಯಾರಿಗೂ ಎರಡನೇ ಯೋಚನೆ ಬರಲಿಲ್ಲ. ಅವಳು ಯಾವ ಬಣ್ಣದ ಬಟ್ಟೆ ಹಾಕಿದ್ದಳು ಅಂತ ಕೇಳಿದರೆ ನನಗೆ ನೆನಪಿಲ್ಲ. ಹಾಗಂತ ನೀನು ಇಸ್ತ್ರಿ ಮಾಡದ ಅಂಗಿ ಹಾಕಿಕೊಂಡು ಹೋಗಬೇಡ.

ನಿನ್ನ ಎದುರು ಕೂರುವ ನಿರ್ದೇಶಕರಲ್ಲಿ ಹೆಚ್ಚಿನವರು ತೋಟದವರೇ. "ಯಾವೂರಾತು ತಮಾ, ಯಾರ ಮಗ?" ಅಂತ ಮನೆಮಾತಿನಲ್ಲೇ ಕೇಳಬಹುದು. ಮರ್ಯಾದೆಯಿಂದ ಉತ್ತರ ಕೊಡು, ಆದರೆ ನೆಂಟಸ್ತಿಕೆ ಎಳೆಯಲು ಹೋಗಬೇಡ. ಕೆಲಸದ ಮಾತು ಬಂದಾಗ ಎಲ್ಲರಿಗೂ ತಿಳಿಯುವ ಹಾಗೆ ನಿಧಾನ ಮಾತಾಡು. ನಿನಗೆ ಉತ್ಸಾಹ ಬಂದರೆ ಮಾತು ಓಡುತ್ತದೆ, ನನಗೆ ಗೊತ್ತು. ಈಗ ಕೊಯ್ಲಿನ ಸಮಯ, ಕೈಗೆ ಅಡಿಕೆಯ ಚೊಗರಿನ ಕಲೆ ಹಿಡಿದಿರುತ್ತದೆ. ಅದಕ್ಕೆ ಸಂಕೋಚಪಟ್ಟು ಕೈ ಮೇಜಿನ ಕೆಳಗೆ ಇಟ್ಟುಕೊಳ್ಳಬೇಡ. ಎದುರಿಗಿರುವವರ ಕೈಯೂ ಹಾಗೇ ಇರುತ್ತದೆ.

ಸಂಬಳದ ಮಾತನ್ನು ನೀನಾಗಿ ತೆಗೆಯಬೇಡ. ಅವರೇ ಕೇಳಿದರೆ ಏನು ಹೇಳಬೇಕು ಅಂತ ಫೋನಿನಲ್ಲಿ ಮಾತಾಡೋಣ. ಬಯೋಡೇಟಾ ತಿದ್ದಿ ನಾಳೆಯೇ ಕಳಿಸು. ಭಾನುವಾರ ರಾತ್ರಿ ಊಟ ಮುಗಿಸಿ ಫೋನ್ ಮಾಡು, ನಾನು ನಿರ್ದೇಶಕನ ಹಾಗೆ ಪ್ರಶ್ನೆ ಕೇಳುತ್ತೇನೆ. ವರದಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡಿರು. ಅಪ್ಪ, ಆಯಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ
ಸುಬ್ರಾಯ