ತಿಥಿ ಬರೀ ಉಪವಾಸಕ್ಕಾ?

ಸಂಪಾದಕರೇ,

ಹವಾಯಿಯಲ್ಲಿ ಮನೆಮಂದಿ ಮಕ್ಕಳನ್ನ ಕಟ್ಕೊಂಡು ಗಾಳಿ, ಮೋಡ, ಅಲೆ, ಚಂದ್ರ ಎಲ್ಲಾ ಗಮನಿಸೋ ಹಳೇ ಪದ್ಧತಿ ಇದೆ, ಕಿಲೋ ಅಂತಾರೆ. ತಿಂಗಳ 30 ರಾತ್ರಿಗೂ ಒಂದೊಂದು ಹೆಸರು, ಎಳೆಚಂದ್ರ ಕಾಣೋ ಮೊದಲ ರಾತ್ರಿ ಹಿಲೋ, ಕೊನೇದು ಮುಕು, ಮೀನು ಹಿಡಿಯೋದು ಗಿಡ ನೆಡೋದು ಅದನ್ನ ನೋಡ್ಕೊಂಡೇ. ನಮ್ಮ ಪಾಡ್ಯ ಬಿದಿಗೆ ಥರಾನೇ, ಆದ್ರೆ ನಾವು ಮುಂಬೈ ಕನ್ನಡಿಗರು ತಿಥಿ ನೋಡೋದು ಸಂಕಷ್ಟಿ ಏಕಾದಶಿಗೆ ಮಾತ್ರ! ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ದಾದರ್ ಚೌಪಾಟಿಲಿ ಉಬ್ಬರ ಜೋರು, ಅಷ್ಟಮಿ ಹೊತ್ತಿಗೆ ಕಮ್ಮಿ, ಠಾಣೆ ಖಾಡಿಲಿ (ಸಮುದ್ರದ ಕೊಲ್ಲಿ) ನೀರಿಳಿದು ಕೆಸರು ಕಂಡಾಗ ಫ್ಲೆಮಿಂಗೋಗಳು ಕೊಕ್ಕು ತಲೆಕೆಳಗು ಮಾಡ್ಕೊಂಡು ಮೇಯ್ತಾವೆ, ಮಕ್ಕಳಿಗೆ ತೋರಿಸೋಕೆ ಇನ್ನೇನು ಬೇಕು? (ಸ್ಟೇಟಸ್ ಫೋಟೋ ಆಮೇಲೆ ಹಾಕ್ಕೊಳ್ಳಿ.) ಕನ್ನಡ ಸಂಘಗಳು ಬೇಸಿಗೆ ಶಿಬಿರದಲ್ಲಿ ಡಾನ್ಸ್ ಜೊತೆ ಇದಕ್ಕೂ ಒಂದು ಸಂಜೆ ಕೊಡ್ಲಿ, ನೀವೂ ದಿನಾ ಉಬ್ಬರ ಇಳಿತದ ಟೈಮು ಹಾಕಿ ಸಾರ್.

ಓದುಗ, ಮುಲುಂಡ್